ಆರ್.ಎಸ್.ವಿ. ಪಾಟೀಲರು ಯಾರು?

ಹೋದ ಬೇಸಿಗೆಯ ಒಂದು ಮಧ್ಯಾಹ್ನ. ಹೊರಗೆ ಕಲಬುರಗಿಯ ಬಿಸಿಲು, ಒಳಗೆ ಕೂಲರ್‌ನ ಗರಗರ. ಅವ್ವ ಲಗ್ನದ ಕಾರ್ಡುಗಳನ್ನೆಲ್ಲ ನೆಲದ ಮೇಲೆ ಹರವಿಕೊಂಡು ಕೂತಿದ್ದಳು. ಪ್ರತಿ ವರ್ಷ ಏಪ್ರಿಲ್ ಬಂತೆಂದರೆ ಇದೊಂದು ಕೆಲಸ ಅವಳಿಗೆ. ಯಾವ ಲಗ್ನ ಯಾವ ತಾರೀಖಿಗೆ, ಯಾರ ಮನೆಗೆ ಸೀರೆ ಒಯ್ಯಬೇಕು, ಯಾರ ಮನೆಗೆ ಬರೀ ಪಾಕೀಟು ಸಾಕು, ಯಾರು ನಮ್ಮ ಲಗ್ನಕ್ಕೆ ಬಂದು ಎಷ್ಟು ಕೊಟ್ಟಿದ್ದರು, ಎಲ್ಲ ಅವಳ ತಲೆಯಲ್ಲೇ ಇರುತ್ತದೆ. ಕನ್ನಡ ಚೆನ್ನಾಗಿ ಓದುತ್ತಾಳೆ. ಇತ್ತೀಚೆಗೆ ಮೊಮ್ಮಗಳ ಜೊತೆ ಕೂತು ಇಂಗ್ಲಿಷಿನ ದೊಡ್ಡಕ್ಷರಗಳನ್ನೂ ಒಂದೊಂದಾಗಿ ಗುರುತಿಸಲು ಕಲಿತಿದ್ದಾಳೆ. ಆ ಹೊಸ ವಿದ್ಯೆಯನ್ನು ಕಾರ್ಡುಗಳ ಮೇಲೆ ಪ್ರಯೋಗ ಮಾಡುತ್ತಿದ್ದಳು.

"ಏ ತಮ್ಮಾ, ಈ ಆರ್.ಎಸ್.ವಿ.ಪಿ. ಅನ್ನೋರು ಯಾರು? ಎಲ್ಲಾರ ಲಗ್ನದಾಗೂ ಇವರ ಹೆಸರು ಅದ ನೋಡು. ಪಾಟೀಲರೇನು?"

ನಾನು ಬಿದ್ದು ಬಿದ್ದು ನಕ್ಕೆ. ಆದರೆ ನೋಡಿ, ಅವ್ವನ ತರ್ಕದಲ್ಲಿ ತಪ್ಪೇನಿಲ್ಲ. ನಮ್ಮ ಕಡೆ ಮೂರು ಇನಿಷಿಯಲ್ ಆದಮೇಲೆ 'ಪಿ' ಬಂತೆಂದರೆ ಹತ್ತರಲ್ಲಿ ಎಂಟು ಸಲ ಅದು ಪಾಟೀಲರೇ. ಅದೂ ಅಲ್ಲದೆ ಆ ನಾಲ್ಕು ಅಕ್ಷರಗಳ ಕೆಳಗೆ ಯಾವಾಗಲೂ ನಾಲ್ಕಾರು ಗಂಡಸರ ಹೆಸರು, ಮುಂದೆ ಮೊಬೈಲ್ ನಂಬರು. ದೊಡ್ಡ ಮನುಷ್ಯರ ಹೆಸರು ಮೇಲೆ, ಅವರ ಮಂದಿಯದು ಕೆಳಗೆ ಅಂತ ಯಾರಾದರೂ ತಿಳಿಯಬಹುದು.

ನಾನು ಕಾಲೇಜಿನಲ್ಲಿ ಇಂಗ್ಲಿಷ್ ಹೇಳಿಕೊಡುವವನು. ಬಿಡುವವನಲ್ಲ. ಅದು ಮನುಷ್ಯರ ಹೆಸರಲ್ಲ, ಫ್ರೆಂಚ್ ಮಾತು, ಇಂಗ್ಲಿಷರು ತಗೊಂಡರು, ಅವರಿಂದ ನಮಗೆ ಬಂತು, ಅದರ ಅರ್ಥ 'ದಯವಿಟ್ಟು ಉತ್ತರ ಕೊಡಿ' ಅಂತ ವಿವರಿಸಿದೆ. ಲಗ್ನಕ್ಕೆ ಬರ್ತೀರೋ ಇಲ್ಲವೋ ಅನ್ನೋದನ್ನ ಮೊದಲೇ ತಿಳಿಸಬೇಕು ಅಂತ ಅದರ ಉದ್ದೇಶ ಅಂದೆ.

ಅವ್ವ ಕಾರ್ಡು ಕೆಳಗಿಟ್ಟಳು. "ಜವಾಬು ಕೊಡ್ರಿ ಅಂತ ಅದರ ಅರ್ಥ ಅಂತಿ. ಮತ್ತ ನೀ ಇಷ್ಟು ಕಲ್ತಾಂವ, ಯಾರಿಗರೆ ಒಮ್ಮೆರೆ ಜವಾಬು ಕೊಟ್ಟೀಯೇನು?"

ಇಲ್ಲ. ನನ್ನ ನಲವತ್ತೇಳು ವರ್ಷದಲ್ಲಿ ಕಲಬುರಗಿಯ ಯಾವ ಕಾರ್ಡಿಗೂ ನಾನು ಉತ್ತರ ಕೊಟ್ಟಿಲ್ಲ. ಯಾರೂ ಕೊಟ್ಟಿದ್ದು ಕೇಳಿಲ್ಲ. ಹಾಗಾದರೆ ಈ ನಾಲ್ಕು ಅಕ್ಷರ ನಮ್ಮ ಕಾರ್ಡಿನ ಮೇಲೆ ಏನು ಮಾಡುತ್ತಿವೆ? ಅವತ್ತಿನಿಂದ ಈ ಪ್ರಶ್ನೆ ಚಪ್ಪಲಿಯೊಳಗಿನ ಹರಳಿನ ಹಾಗೆ ಚುಚ್ಚುತ್ತಾ ಇದೆ. ಚುಚ್ಚೋದಕ್ಕೆ ಹಳೆಯ ಕಾರಣವೂ ಒಂದಿದೆ. ಅದಕ್ಕೆ ಆಮೇಲೆ ಬರುತ್ತೇನೆ.

ನಿಮಗೆ ಇಷ್ಟವಾದರೆ

ರೆಪೋಂದೆ ಸಿಲ್ ವೂ ಪ್ಲೇ. ಆ ನಾಲ್ಕು ಅಕ್ಷರಗಳ ಪೂರ್ತಿ ರೂಪ ಇದು. 'ರೆಪೋಂದೆ' ಅಂದರೆ ಉತ್ತರ ಕೊಡಿ. 'ಸಿಲ್ ವೂ ಪ್ಲೇ' ಅನ್ನುವುದನ್ನು ನಾವು 'ದಯವಿಟ್ಟು' ಅಂತ ತಿಳಿದುಕೊಳ್ಳುತ್ತೇವೆ. ಆದರೆ ಒಂದೊಂದೇ ಪದ ಬಿಡಿಸಿ ನೋಡಿದರೆ ಅಲ್ಲಿ ದಯೆಯ ಮಾತೇ ಇಲ್ಲ. 'ಅದು ನಿಮಗೆ ಇಷ್ಟವಾದರೆ' ಅಂತ ಅಷ್ಟೇ. ಉತ್ತರ ಕೊಡಿ, ನಿಮಗೆ ಇಷ್ಟವಾದರೆ. ಅಕ್ಷರಶಃ ತಗೊಂಡರೆ ನಮ್ಮವರು ಮಾಡುತ್ತಿರುವುದು ಸರಿಯಾಗೇ ಇದೆ. ಇಷ್ಟವಾಗಲಿಲ್ಲ, ಕೊಡಲಿಲ್ಲ!

ಇಂಗ್ಲಿಷಿನ 'ಪ್ಲೀಸ್' ಕೂಡ ಇದೇ ಫ್ರೆಂಚ್ ಮನೆತನದ್ದು. ಹಿಂದೆ ಅದೂ 'ನಿಮಗೆ ಇಷ್ಟವಾದರೆ' ಅನ್ನುವ ಉದ್ದನೆಯ ಮಾತಿನ ತುಂಡಾಗಿತ್ತು. ಹಾಗಾಗಿ ಕೆಲವು ಕಾರ್ಡಿನಲ್ಲಿ 'ಪ್ಲೀಸ್ ಆರ್‌ಎಸ್‌ವಿಪಿ' ಅಂತ ಹಾಕಿರುತ್ತಾರಲ್ಲ, ಅದರಲ್ಲಿ ಪ್ಲೀಸು ಎರಡು ಸಲ ಬಂದುಬಿಡುತ್ತದೆ. ವ್ಯಾಕರಣದವರು ಇದಕ್ಕೆ ಮೂಗು ಮುರಿಯುತ್ತಾರೆ. ಇಂಗ್ಲಿಷ್ ಮಾತಾಡುವ ಮಂದಿ ಅದನ್ನೆಲ್ಲ ಕೇಳಿಸಿಕೊಳ್ಳದೆ ಆ ನಾಲ್ಕು ಅಕ್ಷರವನ್ನೇ ಒಂದು ಕ್ರಿಯಾಪದ ಮಾಡಿಕೊಂಡರು. 'ನಾನು ಆಗಲೇ ಆರ್‌ಎಸ್‌ವಿಪಿ ಮಾಡಿದೆ' ಅನ್ನುತ್ತಾರೆ. ಫ್ರಾನ್ಸಿನವರೇ ಈಗ ಎಷ್ಟೋ ಕಾರ್ಡುಗಳಲ್ಲಿ 'ಇಂಥ ತಾರೀಖಿನೊಳಗೆ ಉತ್ತರ ಬಯಸುತ್ತೇವೆ' ಅನ್ನುವ ಬೇರೆ ಮಾತು ಹಾಕುತ್ತಾರೆ. ಸಾಲ ತಂದ ಮಾತಿನ ಹಣೆಬರಹವೇ ಹಾಗೆ. ತವರಿನಲ್ಲಿ ಹೇಗಿತ್ತು ಅಂತ ಅತ್ತೆಮನೆಯಲ್ಲಿ ಯಾರೂ ಕೇಳುವುದಿಲ್ಲ.

(ನಮ್ಮ ಕಲಬುರಗಿ ಮಾತಿನಲ್ಲಿ 'ಪ್ಲೀಸ್'ಗೆ ಬೇರೆ ಪದವೇ ಬೇಕಿಲ್ಲ. ಒಂದು 'ರಿ' ಸಾಕು. ಬರ್ರಿ, ಕೂಡ್ರಿ, ತೊಗೋರಿ. 'ದಯವಿಟ್ಟು' ಅನ್ನೋದನ್ನ ನಾನು ಕಂಡಿರುವುದು ಬ್ಯಾಂಕಿನ ಬೋರ್ಡಿನಲ್ಲಿ, ಬಸ್ಸಿನ ಸೀಟಿನ ಮೇಲೆ. ಬಾಯಲ್ಲಿ ಕೇಳಿದ್ದು ಕಡಿಮೆ.)

ಇಂಗ್ಲಿಷರಿಗೆ ಸ್ವಂತ ಭಾಷೆಯಲ್ಲಿ 'ಉತ್ತರ ಕೊಡಿ' ಅನ್ನಲು ಬರುತ್ತಿರಲಿಲ್ಲವೇ? ಬರುತ್ತಿತ್ತು. ಆದರೆ ದೊಡ್ಡವರ ಮನೆಯ ಮರ್ಯಾದೆ ಆಗ ಫ್ರೆಂಚಿನಲ್ಲಿ ನಡೆಯುತ್ತಿತ್ತು. 1066ರಲ್ಲಿ ನಾರ್ಮಂಡಿಯವರು ಇಂಗ್ಲೆಂಡ್ ಗೆದ್ದಾಗಲೇ ಕೋರ್ಟು, ಅರಮನೆ, ಅಡುಗೆಮನೆಗೆಲ್ಲ ಫ್ರೆಂಚ್ ಹೊಕ್ಕಿತ್ತು. ಆಮೇಲೆ ಫ್ರಾನ್ಸಿನಲ್ಲಿ ರಾಜ 14ನೇ ಲೂಯಿ 1643ರಿಂದ 1715ರ ತನಕ ಆಳಿದ. ಅವನ ವರ್ಸಾಯ್ ಅರಮನೆಯಲ್ಲಿ ಹೇಗೆ ಕೂರುತ್ತಾರೋ ಹಾಗೆ ಇಡೀ ಯುರೋಪಿನ ಸಿರಿವಂತರು ಕೂರಲು ಕಲಿತರು. 1714ರಲ್ಲಿ ಆಸ್ಟ್ರಿಯಾವನ್ನು ಆಳುತ್ತಿದ್ದ ಪವಿತ್ರ ರೋಮನ್ ಚಕ್ರವರ್ತಿಯ ಜೊತೆ ಮಾಡಿಕೊಂಡ ರಾಸ್ಟಾಟ್ ಒಪ್ಪಂದವನ್ನು ಲ್ಯಾಟಿನ್ ಬಿಟ್ಟು ಫ್ರೆಂಚಿನಲ್ಲೇ ಬರೆದರು. 'ಎಟಿಕೆಟ್' ಅನ್ನುವ ಪದ ಕೂಡ ಫ್ರೆಂಚೇ. ಮೂಲದಲ್ಲಿ ಅದಕ್ಕೆ ಚೀಟಿ ಅಂತ ಅರ್ಥ. ನಾವು ಬಸ್ಸಿನಲ್ಲಿ ತಗೋಳ್ಳೋ 'ಟಿಕೀಟು' ಅದರದೇ ಇನ್ನೊಂದು ರೂಪ. ಒಂದೇ ಚೀಟಿ, ಒಬ್ಬರಿಗೆ ಮರ್ಯಾದೆ ಆಯಿತು, ಇನ್ನೊಬ್ಬರಿಗೆ ಶಹಾಬಾದ್ ತನಕ ಪ್ರಯಾಣ.

ಇದೆಲ್ಲ ಕಲಬುರಗಿಯವರಿಗೆ ಹೊಸದಲ್ಲ. 1347ರಲ್ಲಿ ಬಹಮನಿಯವರು ಇಲ್ಲಿ ರಾಜಧಾನಿ ಮಾಡಿದಾಗ ದರ್ಬಾರಿನ ಮಾತು ಪಾರ್ಸಿ. ರಾಜಧಾನಿ ಬೀದರಿಗೆ ಹೋದಮೇಲೂ ಪಾರ್ಸಿ. ಆಮೇಲೆ ನಿಜಾಮರ ಕಾಲದಲ್ಲಿ, 1948ರ ತನಕ, ಕಚೇರಿಗೆ ಉರ್ದು. ಅರ್ಜಿ, ತಾರೀಖು, ಹಾಜರು, ಜಾಹೀರು, ಖುದ್ದು, ಇವು ಇಲ್ಲದೆ ನಾವು ಒಂದು ತಾಸು ಮಾತಾಡಲಾರೆವು. ಅವು ಬರುವಾಗ ಒಂದರ್ಥ ಹೊತ್ತು ಬಂದು, ಇಲ್ಲಿ ಇನ್ನೊಂದರ್ಥಕ್ಕೆ ನೆಲೆಸಿವೆ. 'ರಾಜೀನಾಮೆ' ನೋಡಿ. ಉರ್ದುವಿನಲ್ಲಿ ರಾಜೀನಾಮಾ ಅಂದರೆ ಇಬ್ಬರೂ ಒಪ್ಪಿ ಬರೆದುಕೊಂಡ ಪತ್ರ. ಕೆಲಸ ಬಿಡುವುದಕ್ಕೆ ಅವರು ಇಸ್ತೀಫಾ ಅನ್ನುತ್ತಾರೆ. ಕನ್ನಡದಲ್ಲಿ ರಾಜಿ ಆದವರು ಒಂದು ಕಡೆ, ರಾಜೀನಾಮೆ ಕೊಟ್ಟವರು ಇನ್ನೊಂದು ಕಡೆ. ಯಾರೂ ತಪ್ಪು ಅನ್ನುವುದಿಲ್ಲ.

ಇಷ್ಟು ತಿಳಿದವನು ಆರ್‌ಎಸ್‌ವಿಪಿಯ ವಿಷಯದಲ್ಲಿ ಮಾತ್ರ ಯಾಕೆ ಪೆದ್ದನಾದೆ ಅನ್ನೋದೇ ನನ್ನ ಸಂಕಟ.

ಸೂಪರ್ ಮಾರ್ಕೆಟಿನ ಅಂಗಡಿ

2012. ತಂಗಿಯ ಲಗ್ನ ಗೊತ್ತಾಗಿತ್ತು. ಊರಿನ ಹೆಸರು ಆಗಿನ್ನೂ ಕಾರ್ಡಿನಲ್ಲಿ ಗುಲ್ಬರ್ಗಾ. ಕಾರ್ಡು ಹೊಡೆಸುವ ಕೆಲಸ ನನ್ನ ಪಾಲಿಗೆ ಬಂತು. ಮನೆಯಲ್ಲಿ ಇಂಗ್ಲಿಷ್ ಎಂ.ಎ. ಮಾಡಿದವನು ನಾನೊಬ್ಬನೇ, ಕಾರ್ಡಿನ ಒಂದು ಮಗ್ಗುಲು ಕನ್ನಡ, ಇನ್ನೊಂದು ಮಗ್ಗುಲು ಇಂಗ್ಲಿಷ್.

ಸೂಪರ್ ಮಾರ್ಕೆಟಿನ ಒಂದು ಗಲ್ಲಿಯಲ್ಲಿ ಚಾಚಾನ ಅಂಗಡಿ. ಅಪ್ಪನ ಕಾಲದಿಂದ ನಮ್ಮ ಮನೆಯ ಕಾರ್ಡೆಲ್ಲ ಅಲ್ಲೇ. ಗೋಡೆಯ ತುಂಬ ಸ್ಯಾಂಪಲ್, ಒಂದು ಮೂಲೆಯಲ್ಲಿ ಕಂಪ್ಯೂಟರ್ ಮುಂದೆ ಡಿಟಿಪಿ ಮಾಡುವ ಹುಡುಗ, ಮಸಿಯ ವಾಸನೆ. ಚಾಚಾ ಕನ್ನಡ, ಉರ್ದು, ಮರಾಠಿ ಮೂರರಲ್ಲೂ ಪ್ರೂಫ್ ನೋಡುತ್ತಿದ್ದ. ತಲೆಕೆಳಗಾಗಿಟ್ಟ ಕಾರ್ಡನ್ನೂ ಓದಬಲ್ಲ. ನಾನು ಕೊಟ್ಟ ಮ್ಯಾಟರ್ ಓದಿ ಮುಗಿಸಿ ಕನ್ನಡಕದ ಮೇಲಿನಿಂದ ನೋಡಿದ.

"ಆರ್‌ಎಸ್‌ವಿಪಿ ಒಳಗ ಯಾರ ಹೆಸರೂ ಇಲ್ಲಲ್ರಿ ಸರ್. ಆರು ಹಾಕಮ್, ಎಂಟು ಹಾಕಮ್?"

ನಾನು ಕಾಯುತ್ತಿದ್ದದ್ದೇ ಅದಕ್ಕೆ. ಆ ಅಕ್ಷರಗಳ ಅರ್ಥ ಏನು, ಅಲ್ಲಿ ಕಾಕಾ, ಮಾವ, ದೊಡ್ಡಪ್ಪನ ಮಕ್ಕಳ ಹೆಸರು ಸಾಲಾಗಿ ಹಾಕುವುದು ಎಷ್ಟು ಹಾಸ್ಯಾಸ್ಪದ, ಉತ್ತರವೇ ಬೇಡದ ಕಾರ್ಡಿನಲ್ಲಿ ಉತ್ತರ ಕೇಳುವುದು ಏನು ಚಂದ, ಅಂತ ಹತ್ತು ನಿಮಿಷ ಪಾಠ ಮಾಡಿದೆ. ಡಿಟಿಪಿ ಹುಡುಗ ಕೀಬೋರ್ಡಿನಿಂದ ಕೈ ತೆಗೆದು ಕೇಳಿದ. ನನಗೆ ಇನ್ನಷ್ಟು ಹುರುಪು ಬಂತು. ನಮ್ಮ ಕಾರ್ಡಿನಲ್ಲಿ ಅದು ಬೇಡ, ಅಪ್ಪ ಅವ್ವನ ಹೆಸರು ಸಾಕು, ಕಾರ್ಡು ಸ್ವಚ್ಛ ಕಾಣಬೇಕು ಅಂದೆ.

ಚಾಚಾ ಎದ್ದು ಹೋಗಿ ಅವತ್ತೇ ಹೊಡೆದ ಒಂದು ಉರ್ದು ಕಾರ್ಡು ತಂದ. ಕೆಳಗಿನ ಸಾಲಿನ ಮೇಲೆ ಬೆರಳಿಟ್ಟ. "ಇಲ್ಲೇನದ ಗೊತ್ತೇನ್ರಿ? ಚಶ್ಮ್-ಬರಾಹ್. ಚಶ್ಮ್ ಅಂದ್ರ ಕಣ್ಣು. ರಾಹ್ ಅಂದ್ರ ಹಾದಿ. ನಿಮ್ಮ ಹಾದಿ ಮ್ಯಾಲೆ ಕಣ್ಣಿಟ್ಟು ಕುಂತೋರು. ಅದರ ಕೆಳಗ ಅವರ ಕಾಕಾ, ಮಾಮು, ಭಾಯಿ ಎಲ್ಲಾರ ಹೆಸರು. ನಿಮ್ಮ ಕಾರ್ಡಿನಾಗ ಅದೇ ಜಾಗಾಕ್ಕ ಆರ್‌ಎಸ್‌ವಿಪಿ ಅಂತೀವಿ. ಏನಂದ್ರೂ ಮಂದಿ ಅವರೇ ಅಲ್ಲೇನ್ರಿ?"

ಈಗ ಬರೆಯುವಾಗ ಅನಿಸುತ್ತದೆ, ಆ ಕ್ಷಣಕ್ಕೆ ಪೂರ್ತಿ ಉತ್ತರ ನನ್ನ ಕೈಯಲ್ಲೇ ಇತ್ತು. ನಮ್ಮ ಕಡೆಯ ಮದುವೆ ಕಾರ್ಡಿನಲ್ಲಿ 'ಹಾದಿ ನೋಡುವವರು' ಅನ್ನುವ ಒಂದು ಖಾನೆ ಮೊದಲಿಂದ ಇದೆ. ಉರ್ದುವಿನಲ್ಲಿ ಚಶ್ಮ್-ಬರಾಹ್. ಕನ್ನಡದಲ್ಲಿ 'ಸುಖಾಗಮನ ಬಯಸುವವರು'. ಇಂಗ್ಲಿಷ್ ಮಗ್ಗುಲಿಗೆ ಆ ಖಾನೆಗೆ ಹೆಸರು ಬೇಕಿತ್ತು. ಇಂಗ್ಲಿಷ್ ಕಾರ್ಡಿನ ಕೆಳಗೆ ಎಡಮೂಲೆಯಲ್ಲಿ ನಾಲ್ಕು ಅಕ್ಷರ ಕಂಡವು. ಎತ್ತಿ ಇಟ್ಟುಕೊಂಡರು. ಇದು ನನ್ನ ಊಹೆ, ಆದರೆ ಇದಕ್ಕಿಂತ ಒಳ್ಳೆಯ ಊಹೆ ನನಗಿನ್ನೂ ಸಿಕ್ಕಿಲ್ಲ.

ಅವತ್ತು ಮಾತ್ರ ನಾನು "ಅದು ಉರ್ದು ಚಾಚಾ, ಇದು ಇಂಗ್ಲಿಷ್" ಅಂದುಬಿಟ್ಟೆ. ಚಾಚಾ "ನಿಮ್ಮ ಮರ್ಜಿ" ಅಂತ ಪ್ರೂಫಿನ ಮೇಲೆ ಗೆರೆ ಎಳೆದ.

ಎರಡನೇ ಸಾಲಿನ ಕುರ್ಚಿ

ನಮ್ಮ ಕಾಕಾನ ಬಗ್ಗೆ ಹೇಳಬೇಕು. ಅಪ್ಪನ ತಮ್ಮ. ಮನೆತನದ ಯಾವ ಲಗ್ನದಲ್ಲೂ ಅವನು ಕೂತಿದ್ದನ್ನು ನಾನು ನೋಡಿರಲಿಲ್ಲ. ಹೆಗಲ ಮೇಲೆ ಟವೆಲ್, ಕೈಯಲ್ಲಿ ಹುಗ್ಗಿಯ ಬಕೀಟು, ಪಂಗತಿಯಿಂದ ಪಂಗತಿಗೆ. "ಇನ್ನೊಂಚೂರು ತೊಗೋರಿ, ಹಂಗ್ಯಾಕ ಕೈ ಅಡ್ಡ ಹಿಡೀತೀರಿ" ಅನ್ನುವ ಅವನ ದನಿ ಹಾಲಿನ ಹೊರಗೂ ಕೇಳುತ್ತಿತ್ತು. ರೊಟ್ಟಿ ಮುಗಿಯಿತೋ, ಜನರೇಟರ್ ನಿಂತಿತೋ, ಬೀಗರ ಕಡೆಯ ಅಜ್ಜನಿಗೆ ಶುಗರ್ ಇಳಿಯಿತೋ, ಎಲ್ಲರ ಬಾಯಲ್ಲಿ ಒಂದೇ ಮಾತು, "ಕಾಕಾಗ ಕೇಳ್ರಿ".

ಕಾರ್ಡು ಕೊಡಲು ನಾನೇ ಹೋಗಿದ್ದೆ. ಮೂಲೆಗೆ ಅರಿಷಿಣ ಹಚ್ಚಿದ ಕಾರ್ಡನ್ನು ಕಾಕಾ ಎರಡೂ ಕೈಯಲ್ಲಿ ತಗೊಂಡ. ಕನ್ನಡದ ಮಗ್ಗುಲು ಓದಿದ. ತಿರುಗಿಸಿ ಇಂಗ್ಲಿಷ್ ಮಗ್ಗುಲು ನೋಡಿದ. ಮತ್ತೆ ತಿರುಗಿಸಿದ. ಲಕೋಟೆಯ ಒಳಗೆ ಇನ್ನೇನಾದರೂ ಚೀಟಿ ಉಳಿದಿದೆಯಾ ಅನ್ನುವ ಹಾಗೆ ಒಂದು ಸಲ ಒಳಗೂ ಇಣುಕಿದ. "ಚಂದ ಬಂದದ" ಅಂದ. ಟಿವಿಯ ಪಕ್ಕ ಇಟ್ಟ. ಕಾಕು ಚಹಾ ತಂದಳು. ನಾನು ಖುಷಿಯಿಂದ ಕುಡಿದು ಬಂದೆ.

ಲಗ್ನದ ದಿನ ಕಾಕಾ ಬಂದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಬಿಳಿ ಧೋತರ. ಹೆಗಲ ಮೇಲೆ ಟವೆಲ್ ಇರಲಿಲ್ಲ. ಎರಡನೇ ಸಾಲಿನ ಕುರ್ಚಿಯಲ್ಲಿ ಕೂತ. ಅಕ್ಷತಾ ಬೀಳುವ ತನಕ ಅಲ್ಲಿಂದ ಏಳಲಿಲ್ಲ. ಎರಡನೇ ಪಂಗತಿಯಲ್ಲಿ ಎಲ್ಲರ ಜೊತೆ ಕೂತು ಉಂಡ. ಎಲೆಗೆ ಹುಗ್ಗಿ ಬಡಿಸಿದವನು ನಾನೇ. "ಸಾಕ್ ಸಾಕು" ಅಂತ ಕೈ ಅಡ್ಡ ಹಿಡಿದ.

ಮೇ ತಿಂಗಳು. ಹನ್ನೆರಡರ ಹೊತ್ತಿಗೆ ನೀರು ಮುಗಿಯಿತು. ಟ್ಯಾಂಕರಿನವನಿಗೆ ಫೋನ್ ಮಾಡಬೇಕು, ಅವನ ನಂಬರ್ ಕಾಕಾನ ಹತ್ತಿರ. ಚಿಂಚೋಳಿ ಕಡೆಯಿಂದ ಬಂದ ಒಂದು ವ್ಯಾನು ಹಾಲ್ ಸಿಗದೆ ರಿಂಗ್ ರೋಡಿನಲ್ಲಿ ಎರಡು ಸುತ್ತು ಹೊಡೆಯಿತು. ಕಾರ್ಡಿನಲ್ಲಿ ಅಪ್ಪನ ನಂಬರ್ ಒಂದೇ ಇತ್ತು, ಅಪ್ಪ ಮಂಟಪದಲ್ಲಿ ಕೂತಿದ್ದ, ಫೋನು ಅವ್ವನ ಚೀಲದಲ್ಲಿ. ಸ್ವಚ್ಛ ಕಾಣಲಿ ಅಂತ ನಾನು ತೆಗೆದುಹಾಕಿದ್ದು ಬರೀ ಹೆಸರುಗಳನ್ನಲ್ಲ, ಎಂಟು ಮೊಬೈಲ್ ನಂಬರುಗಳನ್ನೂ ಕೂಡ. ಕೊನೆಗೆ ಆ ವ್ಯಾನಿನವರು ಹಳೇ ಗುರುತಿನಿಂದ ಕಾಕಾನಿಗೇ ಫೋನ್ ಹಚ್ಚಿದರು. ಅವನು ಕೂತ ಕುರ್ಚಿಯಲ್ಲೇ, ಕೈಯಿಂದ ಬಾಯಿ ಮರೆಮಾಡಿಕೊಂಡು, ಸಣ್ಣ ದನಿಯಲ್ಲಿ ಹಾದಿ ಹೇಳಿದ. ಹೇಳಿ ಫೋನು ಜೇಬಿಗಿಟ್ಟು ಮತ್ತೆ ಮಂಟಪದ ಕಡೆ ನೋಡುತ್ತಾ ಕೂತ.

ರಾತ್ರಿ ಅವ್ವನೇ ಹೇಳಿದ್ದು. "ಹೆಸರು ಇಲ್ದ ಮ್ಯಾಲೆ ಅಂವ ಯಾವ ಬಾಯಿಲೆ ಅಡಗಿ ಮನ್ಯಾಗ ಹೋಗಿ ಕೇಳ್ಬೇಕಪಾ? ನಾಕು ಮಂದಿ ಏನಂತಾರ, ಕರೀದ ಬಂದು ದೊಡ್ಡಸ್ತಿಕಿ ಮಾಡ್ಲಕತ್ತಾನ ಅನ್ನಲ್ಲೇನು?"

ಜವಾಬು ಮತ್ತು ಜವಾಬ್ದಾರಿ

ಹೋದ ಬೇಸಿಗೆಯಲ್ಲಿ ಅವ್ವ "ಜವಾಬು ಕೊಟ್ಟೀಯೇನು" ಅಂದಾಗ ನನಗೆ ಥಟ್ಟನೆ ಹೊಳೆದದ್ದು ಇದು. ಜವಾಬು ಅಂದರೆ ಉತ್ತರ. ಅರಬ್ಬಿ ಮಾತು, ಪಾರ್ಸಿಯ ಕೈ ಹಿಡಿದು ಬಂದದ್ದು. 'ದಾರ್' ಅಂದರೆ ಇಟ್ಟುಕೊಂಡವನು. ಜಮೀನು ಇದ್ದವನು ಜಮೀನ್ದಾರ. ದುಕಾನು ಇದ್ದವನು ದುಕಾನ್ದಾರ. ಜವಾಬು ಇಟ್ಟುಕೊಂಡವನು, ಕೇಳಿದಾಗ ಉತ್ತರ ಕೊಡಬೇಕಾದವನು, ಜವಾಬ್ದಾರ. ಅವನ ಕೆಲಸ ಜವಾಬ್ದಾರಿ. ದಿನಕ್ಕೆ ಹತ್ತು ಸಲ ಬಳಸುವ ಪದ. ಅದರ ಹೊಟ್ಟೆಯಲ್ಲಿ ಜವಾಬು ಇದೆ ಅಂತ ನಾನು ಅಲ್ಲಿಯ ತನಕ ಗಮನಿಸಿಯೇ ಇರಲಿಲ್ಲ.

ಇದಕ್ಕಿಂತ ಸೋಜಿಗದ್ದು ಮುಂದಿದೆ. ಫ್ರೆಂಚಿನ 'ರೆಪೋಂದೆ' ಬಂದದ್ದು ಲ್ಯಾಟಿನ್ನಿನ 'ರೆಸ್ಪೊಂಡೆರೆ' ಅನ್ನುವ ಧಾತುವಿನಿಂದ. ಇಂಗ್ಲಿಷಿನ 'ರೆಸ್ಪಾನ್ಸಿಬಲ್' ಕೂಡ ಫ್ರೆಂಚಿನ ಮೂಲಕ ಅದೇ ಧಾತುವಿನಿಂದ. ಅಂದರೆ ಅಲ್ಲೂ ಉತ್ತರ ಕೊಡಬೇಕಾದವನೇ ಹೊಣೆಗಾರ. ಲ್ಯಾಟಿನ್ನಿಗೂ ಅರಬ್ಬಿಗೂ ಏನೇನೂ ಸಂಬಂಧವಿಲ್ಲ. ಎರಡು ಬೇರೆ ಮೂಲೆಯಿಂದ ಹೊರಟ ಮಾತುಗಳು ಒಂದೇ ಕಟ್ಟೆಗೆ ಬಂದು ಕೂತಿವೆ.

ಹಾಗೆ ನೋಡಿದರೆ ನಮ್ಮ ಕಾರ್ಡುಗಳು ಆರ್‌ಎಸ್‌ವಿಪಿಯನ್ನು ತಪ್ಪಾಗಿ ಬಳಸಿಲ್ಲ. ಉತ್ತರ ಕೊಡುವ ಭಾರವನ್ನು ಅತಿಥಿಯ ತಲೆಯಿಂದ ಇಳಿಸಿ ಮನೆಯವರ ತಲೆಗೆ ಇಟ್ಟಿವೆ. ಅಲ್ಲಿ ಅದು ಬರುವವನಿಗೆ ಹೇಳುತ್ತದೆ, 'ನೀವು ಜವಾಬು ಕೊಡಿ'. ಇಲ್ಲಿ ಅದು ಹೇಳುತ್ತದೆ, 'ಇಗೋ, ಇವರು ಜವಾಬ್ದಾರರು, ಏನಿದ್ದರೂ ಇವರಿಗೆ ಕೇಳಿ'. ನೀರಿಲ್ಲ, ಇವರಿಗೆ ಕೇಳಿ. ಹಾದಿ ತಪ್ಪಿತು, ಇವರಿಗೆ ಕೇಳಿ. ಮರ್ಯಾದೆ ಕಮ್ಮಿ ಆಯಿತು, ಇವರಿಗೇ ಬೈರಿ. ಒಂದು ನಿಘಂಟನ್ನು ಕಂಕುಳಲ್ಲಿ ಇಟ್ಟುಕೊಂಡು ಹೋಗಿ ನಾನು ಕಾಕಾನಿಂದ ಕಿತ್ತುಕೊಂಡದ್ದು ಈ ಬೈಸಿಕೊಳ್ಳುವ ಹಕ್ಕನ್ನು.

ಇದು ಗಂಡಸರದೇ ಪಟ್ಟಿ ಅನ್ನೋದು ನನಗೆ ಗೊತ್ತಿದೆ. ಮನೆಮನೆಗೆ ಹೋಗಿ ಕುಂಕುಮ ಹಚ್ಚಿ ಬಾಯಿತುಂಬ ಕರೆದು ಬರುವವರು ಹೆಂಗಸರು, ಕಾರ್ಡಿನ ಮೇಲೆ ನಂಬರು ಗಂಡಸರದು. ಅವ್ವನ ಹೆಸರು ಯಾವ ಕಾರ್ಡಿನ ಆರ್‌ಎಸ್‌ವಿಪಿಯಲ್ಲೂ ಬಂದಿಲ್ಲ. ಆದರೆ ಯಾರು ಎಷ್ಟು ಮಂದಿ ಬರುತ್ತಾರೆ ಅಂತ ಖರೇ ಗೊತ್ತಿರೋದು ಅವಳಿಗೇ.

'ಬರ್ತೀನಿ' ಅನ್ನುವ ಒಂದೇ ಉತ್ತರ

ಅಮೆರಿಕದ ಕಾರ್ಡುಗಳಲ್ಲಿ ಇನ್ನೊಂದು ಪದ್ಧತಿ ಇದೆ. 'ಬರಲಾಗದವರು ಮಾತ್ರ ತಿಳಿಸಿ' ಅಂತ ಹಾಕುತ್ತಾರೆ. ಕಲಬುರಗಿಯಲ್ಲಿ ಹಾಗೆ ಹಾಕಿದರೆ ಫೋನು ಒಂದು ಸಲವೂ ಬಾರಿಸಲಿಕ್ಕಿಲ್ಲ. ಯಾಕೆಂದರೆ ಲಗ್ನಕ್ಕೆ ಕರೆದವರ ಮುಖದ ಮೇಲೆ 'ಬರಲ್ಲ' ಅನ್ನೋದು ನಮಗೆ ಬರುವುದೇ ಇಲ್ಲ. ಮನೆಯಿಂದ ಹೊರಡುವವನು ಹೋಗ್ತೀನಿ ಅನ್ನಬಾರದು, ಹೋಗಿ ಬರ್ತೀನಿ ಅನ್ನಬೇಕು. ಅದೇ ಹಾಗೆ, ಕರೆಯಲು ಬಂದವರಿಗೆ ಒಂದೇ ಉತ್ತರ, "ಹೂಂ, ಬರ್ತೀವಿ, ಬರ್ದೇ ಏನು". ಅದೇ ದಿನ ಇನ್ನೂ ಮೂರು ಲಗ್ನ ಇದ್ದರೂ, ಕಾಲು ಮುರಿದು ಮಂಚದ ಮೇಲೆ ಬಿದ್ದಿದ್ದರೂ ಅದೇ ಉತ್ತರ. ಕರೆದವರಿಗೂ ಅದು ಲೆಕ್ಕವಲ್ಲ ಅಂತ ಗೊತ್ತು.

ಈ ಉತ್ತರವನ್ನು ನಾನು ಒಮ್ಮೆ ಊರು ಬಿಟ್ಟು ಒಯ್ದು ಪೆಟ್ಟು ತಿಂದೆ. ಮೂರು ವರ್ಷದ ಹಿಂದೆ ಹಳೆಯ ವಿದ್ಯಾರ್ಥಿನಿ ಒಬ್ಬಳ ಲಗ್ನ, ಬೆಂಗಳೂರಿನ ಹೊರಗೆ ಒಂದು ರೆಸಾರ್ಟಿನಲ್ಲಿ. ಫೋನಿಗೆ ಬಂದ ಆಮಂತ್ರಣದಲ್ಲಿ ಆರ್‌ಎಸ್‌ವಿಪಿ ಅಂತ ಒಂದು ಬಟನ್. ಒತ್ತಿದರೆ 'ಎಷ್ಟು ಜನ' ಅನ್ನುವ ಪ್ರಶ್ನೆ. ಹುಡುಗಿ ಪ್ರೀತಿಯಿಂದ ಕರೆದಿದ್ದಾಳೆ, ಕಡಿಮೆ ಹಾಕಿದರೆ ಏನಂದುಕೊಂಡಾಳು ಅಂತ ಐದು ಅಂತ ಹಾಕಿದೆ. ಅವ್ವ, ಹೆಂಡತಿ, ಇಬ್ಬರು ಮಕ್ಕಳು, ನಾನು. ಹೋಗುವ ವಿಚಾರ ಇದ್ದದ್ದು ನನಗೊಬ್ಬನಿಗೇ.

ರಾತ್ರಿ ರೈಲಿಗೆ ಹೋದೆ. ಹುಲ್ಲಿನ ಮೇಲೆ ಗುಂಡನೆಯ ಮೇಜುಗಳು. ಒಂದು ಮೇಜಿನಲ್ಲಿ ನನ್ನ ಹೆಸರಿನ ಸಣ್ಣ ಚೀಟಿ. ಅದರ ಪಕ್ಕ ಸಾಲಾಗಿ ಇನ್ನೂ ನಾಲ್ಕು ಚೀಟಿ. ಅವ್ವನ ಹೆಸರು ಸುಂದರವಾದ ಓರೆ ಅಕ್ಷರದಲ್ಲಿ ಬರೆದಿದ್ದರು. ಮುಂದೆ ಮಡಿಸಿದ ಬಟ್ಟೆ, ಚಮಚೆ, ಗ್ಲಾಸು. ಬಡಿಸುವ ಹುಡುಗ ಬಂದು "ನಿಮ್ಮವರು ಬರೋದು ಲೇಟಾಗುತ್ತಾ ಸರ್, ಸೂಪ್ ತರಲಾ?" ಅಂದ. "ತಾ" ಅಂದೆ. ಐದೂ ತಟ್ಟೆಗೆ ಸೂಪ್ ತಂದಿಟ್ಟ. ಆರುವ ತನಕ ಅವುಗಳ ಮೇಲಿಂದ ಆವಿ ಏಳುತ್ತಿತ್ತು. ಹುಡುಗಿಯ ಅಪ್ಪ ಮಾತಾಡಿಸಲು ಬಂದರು, ಖಾಲಿ ಕುರ್ಚಿಗಳನ್ನು ನೋಡಿದರು, ನಕ್ಕರು, "ಪರವಾಗಿಲ್ಲ ಸರ್, ನೀವು ಬಂದಿರಲ್ಲ" ಅಂದರು. ಅಲ್ಲಿ ತಟ್ಟೆಗಿಷ್ಟು ಅಂತ ರೇಟು. ನನ್ನ ನಾಲ್ಕು ಪೊಳ್ಳು 'ಬರ್ತೀವಿ'ಗಳಿಗೆ ಆ ಮನುಷ್ಯ ರೊಕ್ಕ ಕೊಟ್ಟಿದ್ದ.

ಆ ಆರ್‌ಎಸ್‌ವಿಪಿ ಬೇರೆಯದು. ಅದಕ್ಕೆ ಅದರ ಮೂಲದ ಅರ್ಥವೇ ಬೇಕು. ಅಳೆದು ಬೇಯಿಸುವ ಕಡೆ ಎಣಿಕೆಗೆ ಜವಾಬು ಕೊಡಬೇಕು. ಕೊಡದಿದ್ದರೆ, ಸುಳ್ಳು ಕೊಟ್ಟರೆ, ಅದು ಅಸಭ್ಯತೆಯೇ. ನಮ್ಮ ಊರಿನ ಔದಾರ್ಯ ಅಂತ ನಾನದನ್ನು ಸಮರ್ಥಿಸಲಾರೆ.

ನಮ್ಮ ಕಡೆ ಎಣಿಕೆ ನಡೆಯುವ ರೀತಿಯೇ ಬೇರೆ. ಅಡಿಗೆ ಭಟ್ಟರು ಕಾರ್ಡು ಎಷ್ಟು ಹೊಡೆಸಿದ್ದೀರಿ ಅಂತ ಕೇಳುತ್ತಾರೆ. ಲಗ್ನ ಸೋಮವಾರವೋ ರವಿವಾರವೋ, ಬೀಗರ ಊರು ಎಷ್ಟು ದೂರ, ಹೊಲದಲ್ಲಿ ಕೆಲಸ ಇದೆಯೋ ಇಲ್ಲವೋ, ಅದೇ ದಿನ ಊರಲ್ಲಿ ಇನ್ನೆಷ್ಟು ಲಗ್ನ, ಇಷ್ಟು ಕೇಳಿ ಕಣ್ಣು ಮುಚ್ಚಿ ತೆರೆದು "ಅಕ್ಕಿ ಒಂದೂವರೆ ಕ್ವಿಂಟಲ್ ತರ್ಸ್ರಿ" ಅನ್ನುತ್ತಾರೆ. ರೊಟ್ಟಿ, ಹುಗ್ಗಿ, ಎಣ್ಣೆಗಾಯಿ ಇದ್ದರೆ ಅನ್ನ ಕಡಿಮೆ ಹೋಗುತ್ತದೆ, ಅದೂ ಅವರ ಲೆಕ್ಕದಲ್ಲಿರುತ್ತದೆ. ಉಳಿದರೆ ಓಣಿಗೆ. ಕಡಿಮೆ ಬಿದ್ದರೆ ಕಾಕಾ. ಇನ್ನು 'ಯಾದಿ ಮೇ ಶಾದಿ' ಅನ್ನುವ ಪದ್ಧತಿಯಲ್ಲಿ ಬೆಳಿಗ್ಗೆ ಮಾತುಕತೆಗೆ ಕೂತು ಯಾದಿ ಬರೆದವರು ಸಂಜೆಯೊಳಗೆ ತಾಳಿ ಕಟ್ಟಿಸಿಯೇ ಏಳುತ್ತಾರೆ. ಅಲ್ಲಿ ಯಾರ ಜವಾಬಿಗೆ ಯಾರು ಕಾಯಬೇಕು?

ಕಾಕಾನ ಮೊಮ್ಮಗಳ ಲಗ್ನ

ಈ ವರ್ಷ ಫೆಬ್ರವರಿಯಲ್ಲಿ ಕಾಕಾನ ಮೊಮ್ಮಗಳ ಲಗ್ನ ಆಯಿತು. ಕಾಕಾನಿಗೆ ಈಗ ಎಪ್ಪತ್ತಾರು, ಮೊಣಕಾಲು ನೋವು. ಒಂದು ದಿನ ಮನೆಗೆ ಬಂದು ಪ್ರೂಫ್ ನನ್ನ ಮುಂದಿಟ್ಟ. "ಇಂಗ್ಲಿಷ್ ನೀನೇ ನೋಡಪಾ. ನಮಗೇನು ತಿಳೀತದ."

ಆ ಮಾತಿನಲ್ಲಿ ಚುಚ್ಚು ಇತ್ತಾ ಅಂತ ಅವನ ಮುಖ ನೋಡಿದೆ. ಅವನು ಅವ್ವ ಕೊಟ್ಟ ಚಹಾವನ್ನು ಬಶಿಗೆ ಹಾಕಿ ಊದುತ್ತಿದ್ದ. ಪ್ರೂಫಿನ ಕೆಳಗೆ ಎಡಮೂಲೆಯಲ್ಲಿ ನಾಲ್ಕು ಅಕ್ಷರ. ಕೆಳಗೆ ಏಳು ಹೆಸರು. ನಾಲ್ಕನೆಯದು ನನ್ನದು. ನನ್ನ ಹೆಸರಿನ ಇಂಗ್ಲಿಷ್ ಸ್ಪೆಲ್ಲಿಂಗ್ ತಪ್ಪಾಗಿತ್ತು. ನಂಬರು ಸರಿ ಇತ್ತು. ನಾನು ತಾರೀಖು ನೋಡಿದೆ, ಹಾಲಿನ ವಿಳಾಸ ನೋಡಿದೆ, ವಧುವಿನ ಡಿಗ್ರಿಯಲ್ಲಿ ಒಂದು ಚುಕ್ಕೆ ಸೇರಿಸಿದೆ. ನನ್ನ ಹೆಸರನ್ನು ಇದ್ದ ಹಾಗೇ ಬಿಟ್ಟೆ. ಯಾಕೋ ಗೊತ್ತಿಲ್ಲ, ಅದರ ಮೇಲೆ ಕೆಂಪು ಪೆನ್ನು ಆಡಿಸಲು ಮನಸ್ಸಾಗಲಿಲ್ಲ.

ಲಗ್ನದ ದಿನ ಬೆಳಿಗ್ಗೆ ಆರರಿಂದ ಫೋನು ಶುರುವಾಯಿತು. ಹೂವಿನವನು. ಫೋಟೋದವನು. ಚಾರ್ಜರ್ ಬೇಕು ಅಂದ ಬೀಗರ ಹುಡುಗ. ಹನ್ನೊಂದರ ಸುಮಾರಿಗೆ ಗುರುತಿಲ್ಲದ ನಂಬರ್.

"ಸರ್, ಕಾರ್ಡಿನಾಗ ಆರ್‌ಎಸ್‌ವಿಪಿ ಒಳಗ ನಿಮ್ಮ ನಂಬರ್ ಅದ, ಅದಕ್ಕ ಹಚ್ಚೀನ್ರಿ. ನಾವು ಆಳಂದ ಚೆಕ್‌ಪೋಸ್ಟ್ ಹತ್ರ ನಿಂತೀವಿ. ಹಾಲ್ ಎಲ್ಲಿ ಬರ್ತದ್ರಿ?"

"ಊರೊಳಗ ಬರಬ್ಯಾಡ್ರಿ, ಟ್ರಾಫಿಕ್ ಅದ. ರಿಂಗ್ ರೋಡ್ ಹಿಡೀರಿ. ಸೇಡಂ ರೋಡಿಗೆ ಬಂದು ಮತ್ತ ಫೋನ್ ಮಾಡ್ರಿ, ನಾ ಹೊರಗ ಬಂದು ನಿಂದರ್ತೀನಿ. ಎಷ್ಟು ಮಂದಿ ಅದೀರಿ?"

"ಕ್ರೂಸರ್ ತುಂಬ ಅದೀವ್ರಿ."

ಹಾಲಿನ ಹಿಂದೆ ಒಲೆಗಳ ಹತ್ತಿರ ಹೋದೆ. ಭಟ್ಟರು ಹುಗ್ಗಿ ತಿರುವುತ್ತಿದ್ದರು. ಇನ್ನೊಂದು ಹದಿನೈದು ಮಂದಿ ಬರ್ಲಕತ್ತಾರ, ಹಿಡೀರಿ ಅಂದೆ.

ಅವರು ತಲೆ ಎತ್ತಲಿಲ್ಲ. "ಆಳಂದದವರೇನು? ಹಿಡಿದೀನ್ರಿ ಅವರ್ನ, ಹೋಗ್ರಿ."